ಸರ್ವಾನುಮತದ ಎಂಜಿನ್ ಆಯಿಲ್

ನನ್ನ ಮಟ್ಟಿಗೆ ಎಣ್ಣೆಯಲ್ಲಿ ಮೂರೇ ಬಗೆ. ತಲೆಗೆ ತಿಕ್ಕಿಕೊಳ್ಳುವುದು, ಒಗ್ಗರಣೆಗೆ ಹಾಕುವುದು, ದೇವರ ಮುಂದೆ ಉರಿಸುವುದು. ನನ್ನನ್ನು ಸಾಕಿದ ಅಜ್ಜಿಗೆ ಇಷ್ಟು ಬಗೆಯೂ ಬೇಕಿರಲಿಲ್ಲ. ಅವಳ ಲೋಕದಲ್ಲಿದ್ದದ್ದು ಹರಳೆಣ್ಣೆ ಒಂದೇ. ಹೊಟ್ಟೆ ಕಟ್ಟಿದರೂ ಹರಳೆಣ್ಣೆ, ಕಣ್ಣು ಉರಿದರೂ ಹರಳೆಣ್ಣೆ, ಬಾಗಿಲು ಕಿರುಗುಟ್ಟಿದರೂ ಹರಳೆಣ್ಣೆ. ಡೊಂಬಿವಲಿಯ ಹಳೆಯ ಚಾಳಿನಲ್ಲಿ ನಮ್ಮ ಮನೆಯ ಬಾಗಿಲೂ ನಾನೂ ಒಂದೇ ಸೀಸೆಯಿಂದ ಔಷಧ ಪಡೆದು ಬೆಳೆದವರು. ಬಾಗಿಲು ಆಮೇಲೆ ಎಂದೂ ಸದ್ದು ಮಾಡಲಿಲ್ಲ. ನನ್ನ ವಿಷಯದಲ್ಲಿ ಮಾತ್ರ ಆ ಔಷಧ ಹಿಡಿಯಲೇ ಇಲ್ಲ ಎಂದು ನನ್ನ ಹೆಂಡತಿಯ ಅಭಿಪ್ರಾಯ.

ಇಂಥ ನಾನು, ಒಂದು ಮುದಿ ಡೀಸೆಲ್ ಎಂಜಿನ್ನಿನ ಹೊಟ್ಟೆಗೆ ಯಾವ ಎಣ್ಣೆ ಹೋಗಬೇಕೆಂದು ತೀರ್ಮಾನಿಸುವ ಸ್ಥಾನಕ್ಕೆ ಏರಿದ್ದು ಲೋಕಲ್ ರೈಲು ತಡವಾದದ್ದರಿಂದ. ನಮ್ಮ ಹೌಸಿಂಗ್ ಸೊಸೈಟಿಯ ವಾರ್ಷಿಕ ಸಭೆಯ ದಿನ ಠಾಣೆಯ ಆಫೀಸಿನಿಂದ ಹೊರಟ ನನ್ನ ಗಾಡಿ ಕಳ್ವಾದ ಹತ್ತಿರ ನಿಂತುಬಿಟ್ಟಿತು. ನಾನು ಓಡುತ್ತಾ ಬಂದು ಒಳಗೆ ಕಾಲಿಟ್ಟ ಕೂಡಲೇ ಎಲ್ಲರೂ ಚಪ್ಪಾಳೆ ತಟ್ಟಿದರು. ಎಂಥ ಒಳ್ಳೆಯ ಜನ, ತಡವಾಗಿ ಬಂದವನನ್ನೂ ಹೀಗೆ ಬರಮಾಡಿಕೊಳ್ಳುತ್ತಾರಲ್ಲ ಎಂದು ನಾನು ಕೈಮುಗಿದೆ. ಕೈಮುಗಿದದ್ದನ್ನು ಒಪ್ಪಿಗೆ ಎಂದು ಬರೆದುಕೊಂಡರು. ಸೊಸೈಟಿಯ ಸೆಕ್ರೆಟರಿಗೆ ಬೇರೆ ಯಾವ ಅರ್ಹತೆಯೂ ಬೇಕಿಲ್ಲ. ಆಯ್ಕೆಯ ಹೊತ್ತಿನಲ್ಲಿ ಅವನು ಅಲ್ಲಿರದಿದ್ದರೆ ಸಾಕು.

ನಮ್ಮದು ಏಳು ಮಹಡಿಯ ಕಟ್ಟಡ. ಅರ್ಧಕ್ಕಿಂತ ಹೆಚ್ಚು ಮನೆ ಕನ್ನಡದವರದು. ಆದರೆ ಆ ಕನ್ನಡ ಒಂದೇ ಅಲ್ಲ. ಕರಾವಳಿಯವರದೊಂದು, ವಿಜಯಪುರ ಕಲಬುರಗಿಯವರದೊಂದು, ಬೆಂಗಳೂರು ಮೈಸೂರಿನವರದೊಂದು. ನವೆಂಬರಿನಲ್ಲಿ ನಾವು ಅಂಗಳದಲ್ಲಿ ರಾಜ್ಯೋತ್ಸವ ಮಾಡುವಾಗ ಒಂದೇ ತಟ್ಟೆಯಲ್ಲಿ ನೀರುದೋಸೆ, ಎಣ್ಣೆಗಾಯಿ, ಬಿಸಿಬೇಳೆಬಾತ್ ಮೂರೂ ಬೀಳಬೇಕು. ಹಾಡಿನ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಮೂವರಿಗೆ ಹೋಗಬೇಕು. ಎರಡನೆಯ ಬಹುಮಾನ ಎಂಬುದು ನಮ್ಮಲ್ಲಿ ಇಲ್ಲವೇ ಇಲ್ಲ. ಅದನ್ನು ಕೊಟ್ಟರೆ ಯಾವುದೋ ಒಂದು ಪ್ರಾಂತ್ಯ ಸಿಟ್ಟಾಗುತ್ತದೆ. ನಮ್ಮ ಮರಾಠಿ ನೆರೆಯವರು ಇದನ್ನೆಲ್ಲ ನೋಡಿ, ‘ತುಮಚಂ ಚಾಲೂ ದ್ಯಾ’ ಎಂದು ಊಟ ಮುಗಿಸಿ ಹೋಗುತ್ತಾರೆ. ನಿಮ್ಮದು ನಡೆಯಲಿ ಎಂದು ಅದರ ಅರ್ಥ. ಅದರಲ್ಲಿ ಆಶೀರ್ವಾದ ಎಷ್ಟು, ಹತಾಶೆ ಎಷ್ಟು ಎಂದು ನಾನು ಇನ್ನೂ ಬಿಡಿಸಿ ನೋಡಿಲ್ಲ.

ಡೊಂಬಿವಲಿ, ಕಲ್ಯಾಣದ ಕಡೆಯವರಿಗೆ ಕರೆಂಟು ಎಂಬುದು ಬಂದು ಹೋಗುವ ನೆಂಟ. ಶುಕ್ರವಾರವಂತೂ ಬೆಳಗ್ಗೆಯೇ ಎದ್ದು ಹೋಗಿಬಿಡುತ್ತದೆ. ಅದಕ್ಕೆಂದೇ ಹಿಂದಿನ ಕಮಿಟಿ ಕಳಂಬೋಲಿಯ ಕಬ್ಬಿಣದ ಪೇಟೆಗೆ ಹೋಗಿ ಒಂದು ಜನರೇಟರ್ ತಂದಿತ್ತು. ತಂದಿತ್ತು ಎನ್ನುವುದಕ್ಕಿಂತ ಜೋಡಿಸಿಕೊಂಡು ಬಂದಿತ್ತು ಎನ್ನಬೇಕು. ಅದರ ಎಂಜಿನ್ ಹಿಂದೆ ಯಾವುದೋ ಟ್ರ್ಯಾಕ್ಟರಿನಲ್ಲಿ ಉತ್ತು ಬಿತ್ತಿ ನಿವೃತ್ತವಾದದ್ದು. ಆ ಹಳೆಯ ಅಭ್ಯಾಸ ಅದಕ್ಕೆ ಹೋಗಿರಲಿಲ್ಲ. ಚಾಲೂ ಮಾಡಿದ ಕೂಡಲೇ ಹೊಲಕ್ಕೆ ಹೊರಟ ಹಾಗೆ ಕುಲುಕುತ್ತಾ ಇಷ್ಟಿಷ್ಟೇ ಮುಂದಕ್ಕೆ ಸರಿಯುತ್ತಿತ್ತು. ನಮ್ಮ ವಾಚ್‌ಮನ್ ತಿವಾರಿ ಅದನ್ನು ಹಗ್ಗದಿಂದ ಕಂಬಕ್ಕೆ ಕಟ್ಟಿದ್ದ. ಆಯುಧ ಪೂಜೆಯ ದಿನ ನಾವು ಅದಕ್ಕೆ ಅರಿಶಿನ ಕುಂಕುಮ ಬಳಿದು, ಚೆಂಡುಹೂವಿನ ಹಾರ ಹಾಕಿ, ಕುಂಬಳಕಾಯಿ ಒಡೆದು ಕೈಮುಗಿಯುತ್ತಿದ್ದೆವು. ಉಳಿದ ದಿನಗಳಲ್ಲಿ ಅದರ ಕಡೆಗೆ ಯಾರೂ ತಿರುಗಿಯೂ ನೋಡುತ್ತಿರಲಿಲ್ಲ. ದೇವರ ಜೊತೆ ನಮ್ಮ ಸಂಬಂಧವೂ ಹೆಚ್ಚುಕಡಿಮೆ ಹೀಗೆಯೇ ಇರುವುದರಿಂದ ಯಾರಿಗೂ ಇದು ತಪ್ಪೆನಿಸಿರಲಿಲ್ಲ.

ಲಿಫ್ಟು ನಿಂತರೆ ನಮ್ಮಂಥವರಿಗೆ ಏದುಸಿರು, ಅಷ್ಟೆ. ಆದರೆ ಏಳನೆಯ ಮಹಡಿಯ ಶಾಂತಕ್ಕನಿಗೆ ಅದು ಅನ್ನದ ಪ್ರಶ್ನೆ. ಶಾಂತಕ್ಕ ವಿಜಯಪುರದ ಕಡೆಯವರು. ಗಂಡ ತೀರಿಕೊಂಡ ಮೇಲೆ ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಮಾರಲು ಶುರುಮಾಡಿದರು. ರಬಾಳೆಯ ಒಂದು ಕಾರ್ಖಾನೆಯಲ್ಲಿ ರಾಯಚೂರು, ಕಲಬುರಗಿಯ ಹುಡುಗರು ತುಂಬ ಜನ. ಮಧ್ಯಾಹ್ನ ಅವರಿಗೆ ಬೇಕಾದದ್ದು ಮೆತ್ತಗಿನ ಬಿಸಿ ರೊಟ್ಟಿ. ಅಲ್ಲಿನ ಕ್ಯಾಂಟೀನಿಗೆ ಶಾಂತಕ್ಕನ ಮನೆಯಿಂದ ದಿನವೂ ಬುಟ್ಟಿ ಬುಟ್ಟಿ ರೊಟ್ಟಿ ಲಿಫ್ಟಿನಲ್ಲಿ ಇಳಿದು, ಟೆಂಪೋ ಹತ್ತಿ ಹೋಗುತ್ತಿತ್ತು. ಲಿಫ್ಟು ಕೈಕೊಟ್ಟು ಆಗಲೇ ಕೆಲವು ಸಲ ತಡವಾಗಿತ್ತು. ಇನ್ನೊಂದು ಶುಕ್ರವಾರ ಊಟದ ಗಂಟೆ ಬಾರಿಸುವ ಹೊತ್ತಿಗೆ ರೊಟ್ಟಿ ಬರದಿದ್ದರೆ ಬೇರೆಯವರಿಗೆ ಹೇಳುತ್ತೇನೆ ಎಂದು ಕ್ಯಾಂಟೀನಿನ ಗುತ್ತಿಗೆದಾರ ಖಂಡಿತವಾಗಿ ತಿಳಿಸಿದ್ದ. ಶಾಂತಕ್ಕ ಅದನ್ನು ನನಗೆ ಬಂದು ಹೇಳಿದರು. ನಾನು ಸೆಕ್ರೆಟರಿಗೆ ತಕ್ಕ ಗಾಂಭೀರ್ಯದಿಂದ ತಲೆಯಾಡಿಸಿದೆ. ಅದೇ ವಾರ ತಿವಾರಿ ಬಂದು, ಎಂಜಿನ್ನಿನ ಎಣ್ಣೆ ಡಾಂಬರಿನ ಹಾಗೆ ಕಪ್ಪಾಗಿದೆ, ಬದಲಿಸದಿದ್ದರೆ ಕೆಟ್ಟು ನಿಲ್ಲುತ್ತದೆ ಎಂದ. ಮೊದಲು ಅದನ್ನು ನೋಡಿಕೊಳ್ಳುತ್ತಿದ್ದ ಮೆಕ್ಯಾನಿಕ್ ದುಬೈಗೆ ಹೋಗಿದ್ದ. ಯಾವ ಎಣ್ಣೆ ಹಾಕುತ್ತಿದ್ದನೆಂದು ಹೇಳಿ ಹೋಗಿರಲಿಲ್ಲ, ನಾವೂ ಕೇಳಿರಲಿಲ್ಲ.

ಎಂಜಿನ್ನಿನ ಮೇಲೆ ತಗಡಿನ ಪಟ್ಟಿಯೊಂದಿತ್ತು. ಅದರಲ್ಲಿ ಎಲ್ಲ ಬರೆದಿರುತ್ತದೆ ಎಂದು ಯಾರೋ ಅಂದರು. ವರ್ಷ ವರ್ಷವೂ ನಾವು ಭಕ್ತಿಯಿಂದ ಬಳಿದ ಕುಂಕುಮ ಅದರ ಮೇಲೆ ಗೋಡೆಯ ಗಾರೆಯಷ್ಟು ದಪ್ಪವಾಗಿ ಕೂತಿತ್ತು. ಅರ್ಧ ಬೆಳಗು ಕೆರೆದು, ತೊಳೆದು ನೋಡಿದರೆ ಅದರಲ್ಲಿ ಜನರೇಟರಿನ ತೂಕ ಮಾತ್ರ ಕೊಟ್ಟಿತ್ತು. ಆ ತೂಕವನ್ನು ಓದಿ ಎಲ್ಲರೂ ಮೆಚ್ಚುಗೆಯಿಂದ ತಲೆದೂಗಿದರು. ಆಮೇಲೆ ಮೀಟಿಂಗ್ ಕರೆಯುವುದಲ್ಲದೆ ಬೇರೆ ದಾರಿ ಇರಲಿಲ್ಲ.

ಮೀಟಿಂಗಿನಲ್ಲಿ ಬಹಳ ಜನ ಕೂತಿದ್ದರೂ ಚರ್ಚೆ ನಡೆಸಿದವರು ನಾವು ಮೂವರು. ಚೇರ್‌ಮನ್ ಶೆಟ್ಟರು ಉಡುಪಿಯ ಕಡೆಯವರು, ಕಲ್ಯಾಣದಲ್ಲಿ ಬಹಳ ಕಾಲ ಹೋಟೆಲು ನಡೆಸಿ ಬಿಟ್ಟವರು. ಅವರು ಎಣ್ಣೆಯನ್ನು ಪರೀಕ್ಷಿಸುವುದು ಜಿಲೇಬಿಯ ಪಾಕ ನೋಡುವ ಹಾಗೆ: ಹೆಬ್ಬೆರಳು ತೋರುಬೆರಳಿನ ನಡುವೆ ತೆಗೆದುಕೊಂಡು ಎಳೆ ಬರುತ್ತದೆಯೇ ಎಂದು. ಅವರ ಹೋಟೆಲಿನ ರುಬ್ಬುವ ಯಂತ್ರ ಅಷ್ಟು ವರ್ಷ ಗೇರ್ ಆಯಿಲಿನಲ್ಲೇ ಓಡಿತ್ತಂತೆ. ಹಾಗಾಗಿ ಇದಕ್ಕೂ ಅದೇ ಆಗಬೇಕು, ದಪ್ಪ ಇದ್ದಷ್ಟೂ ಒಳ್ಳೆಯದು. ಬೆಂಗಳೂರಿನ ಶ್ರೀನಿಧಿ ಐರೋಳಿಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಹುಡುಗ, ಹೊಸ ಕಾರು ಕೊಂಡವನು. ಅವನು ಲ್ಯಾಪ್‌ಟಾಪ್ ತೆರೆದು ಗೋಡೆಯ ಮೇಲೆ ಬಣ್ಣಬಣ್ಣದ ಚಿತ್ರ ಬಿಟ್ಟ. ಬಾಣದ ಗುರುತುಗಳೆಲ್ಲ ಮೇಲಕ್ಕೇ ಹೋಗುತ್ತಿದ್ದವು.

“ದಪ್ಪ ಎಣ್ಣೆ ಎಲ್ಲಾ ಓಲ್ಡ್ ಟೆಕ್ನಾಲಜಿ ಸಾರ್. ನನ್ನ ಕಾರಿಗೆ ಹಾಕ್ಸಿರೋದು ಫುಲ್ ಸಿಂಥೆಟಿಕ್, ನೀರಿನ ಥರ ಇರತ್ತೆ. ಎಂಜಿನ್ ಆನ್ ಆಗಿದೆ ಅಂತಾನೇ ಗೊತ್ತಾಗಲ್ಲ.”

“ಗೊತ್ತಾಗ್ಬೇಕು ಮಾರಾಯ್ರೆ,” ಎಂದರು ಶೆಟ್ಟರು. “ಜನರೇಟರ್ ಓಡಿದ್ದು ಗೊತ್ತಾಗದಿದ್ರೆ ಮೆಂಬರುಗಳು ಮೇಂಟೆನೆನ್ಸ್ ಕೊಡ್ಲಿಕ್ಕುಂಟಾ?”

ಹಿಂದಿನ ಸಾಲಿನಲ್ಲಿದ್ದ ಶಾಂತಕ್ಕ, ಅದನ್ನು ಮಾರಿದ ಕಳಂಬೋಲಿಯವನನ್ನೇ ಒಂದು ಮಾತು ಕೇಳಬಾರದೇಕೆ ಎಂದರು. ಸಭೆಯಲ್ಲಿ ನಗೆಯೆದ್ದಿತು. ಮಾರಿದವನನ್ನು ಕೇಳಿದರೆ ಅವನು ತನ್ನ ಅಂಗಡಿಯ ಮಾಲನ್ನೇ ಹೊಗಳುತ್ತಾನೆ ಎಂದು ಶೆಟ್ಟರೂ, ಅವನಿಗೆ ಇಮೇಲ್ ಐಡಿ ಇರುವುದಿಲ್ಲ ಎಂದು ಶ್ರೀನಿಧಿಯೂ ತಳ್ಳಿಹಾಕಿದರು. ನಾನು ನಗಲಿಲ್ಲ, ಆದರೆ ಫೋನನ್ನೂ ಮಾಡಲಿಲ್ಲ. ಸಭೆ ಕರೆದಾಗಿದೆ, ಚಹಾ ತರಿಸಿದ್ದಾಗಿದೆ, ಒಂದು ಫೋನಿನಲ್ಲಿ ಮುಗಿಯುವ ಕೆಲಸಕ್ಕೆ ಇಷ್ಟು ಜನ ಸೇರಿದ್ದೆವು ಎಂದಾದರೆ ಸೊಸೈಟಿಯ ಮರ್ಯಾದೆ ಏನಾಗಬೇಕು? ಸೆಕ್ರೆಟರಿ ಪೇಟೆಯಲ್ಲಿ ಖುದ್ದಾಗಿ ವಿಚಾರಿಸಿ ಮೂರನೆಯ ಅಭಿಪ್ರಾಯ ತರಬೇಕು ಎಂದು ತೀರ್ಮಾನವಾಯಿತು.

ಮರುದಿನ ಆಫೀಸು ಬಿಟ್ಟು ರಸ್ತೆಗಳು ಕೂಡುವ ಮಾಜಿವಾಡಾ ನಾಕಾದ ಹತ್ತಿರ ಒಂದು ಆಯಿಲ್ ಅಂಗಡಿಗೆ ಹೋದೆ. ಗೋಡೆಯುದ್ದಕ್ಕೂ ಡಬ್ಬಿಗಳು; ಒಂದರ ಮೇಲೆ ಸಿಂಹ, ಒಂದರ ಮೇಲೆ ಸಿಡಿಲು, ಒಂದರ ಮೇಲೆ ಬೆಂಕಿಯ ನಡುವೆ ಹಾರುವ ಬೈಕು. ಔಷಧದ ಅಂಗಡಿಯಲ್ಲಿ ಕಾಯಿಲೆಯ ಹೆಸರು ಮರೆತು ನಿಂತವನ ಹಾಗಾಯಿತು. ಗಾಡಿ ಯಾವುದು ಎಂದು ಅಂಗಡಿಯವನು ಹಿಂದಿಯಲ್ಲಿ ಕೇಳಿದ. ಗಾಡಿಯಲ್ಲ, ಬಿಲ್ಡಿಂಗು ಎಂದೆ. ಅವನು ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿ, ಲೀಟರಿಗೆ ಎಷ್ಟು ಆವರೇಜ್ ಕೊಡುತ್ತದೆ ಎಂದು ಕೇಳಿದ. ಅಂಗಡಿಯಲ್ಲಿದ್ದ ಡ್ರೈವರುಗಳೆಲ್ಲ ನಕ್ಕರು. ಅವಮಾನವಾದಾಗ ನಾನು ವಿವರ ಕೇಳುವವನಲ್ಲ, ತಕ್ಷಣ ಕೊಳ್ಳುವವನು. ಈ ಗುಣದಿಂದ ನಮ್ಮ ಮನೆಯಲ್ಲಿ ಬೇಡದ ಸೀರೆಗಳೂ ಬಿಗಿಯಾದ ಬೂಟುಗಳೂ ಬಹಳ ಇವೆ. ಕಣ್ಣಿಗೆ ಬಿದ್ದ ಒಂದು ಡಬ್ಬಿಯ ಮೇಲೆ ಇಂಗ್ಲಿಷಿನಲ್ಲಿ ನಾಲ್ಕು, ಪಕ್ಕದಲ್ಲಿ ಟಿ ಎಂದು ದೊಡ್ಡದಾಗಿತ್ತು. ನಮ್ಮ ಎಂಜಿನ್ನಿಗೂ ನಾಲ್ಕು ಸಿಲಿಂಡರ್. ಇದಕ್ಕಿಂತ ಒಳ್ಳೆಯ ಜಾತಕ ಕೂಡುವುದು ಸಾಧ್ಯವಿಲ್ಲ ಎಂದು ಅದನ್ನೇ ತಂದೆ. ಅದು ಮೋಟರ್ ಬೈಕಿನ ಎಣ್ಣೆ ಎಂದು ತಿಳಿದದ್ದು ಆಮೇಲೆ.

ಈಗ ನಮ್ಮ ಮುಂದೆ ಮೂರು ಡಬ್ಬಿಗಳು ಬಂದವು. ಶೆಟ್ಟರ ಗೇರ್ ಆಯಿಲ್, ಶ್ರೀನಿಧಿಯ ಸಿಂಥೆಟಿಕ್, ನನ್ನ ನಾಲ್ಕು. ಒಂದನ್ನು ಆರಿಸಿದರೆ ಇನ್ನಿಬ್ಬರಿಗೆ ಬೇಸರ. ಬೇರೆ ಊರಿನ ಜನರಾಗಿದ್ದರೆ ಇಲ್ಲಿ ಜಗಳವಾಡುತ್ತಿದ್ದರು. ಹೊರನಾಡಿನಲ್ಲಿ ಹೊಂದಿಕೊಂಡು ಬಾಳಿದ ನಮಗೆ ಜಗಳ ಬಾರದು. ಬಹುಮಾನ ಹಂಚುವುದು ಬರುತ್ತದೆ. ಮೂರನ್ನೂ ಸಮ ಪಾಲಿನಲ್ಲಿ ಹಾಕುವುದೆಂದು ಸರ್ವಾನುಮತದಿಂದ ತೀರ್ಮಾನಿಸಿದೆವು. ದಪ್ಪದ್ದು ಬಲ ಕೊಡುತ್ತದೆ, ತೆಳ್ಳಗಿನದು ಚುರುಕು ಕೊಡುತ್ತದೆ, ನನ್ನದು ಇಬ್ಬರ ನಡುವೆ ಮಧ್ಯಸ್ಥಿಕೆ ಮಾಡುತ್ತದೆ ಎಂದು ನಾನೇ ವಿವರಿಸಿದೆ. ಗುರುವಾರ ಸಂಜೆ ಹಳೆಯ ಎಣ್ಣೆ ಇಳಿಸಿ, ಮೂವರೂ ಒಬ್ಬರ ನಂತರ ಒಬ್ಬರು ಕೈಯಾರೆ ಸುರಿದೆವು. ಶೆಟ್ಟರು ಊದುಬತ್ತಿ ಹಚ್ಚಿದರು. ಫೋಟೋ ತೆಗೆಸಿಕೊಂಡೆವು. ಫೋಟೋದಲ್ಲಿ ಹಿಂದೆ ನಿಂತ ತಿವಾರಿಯ ಮುಖ ಮಾತ್ರ ಸಾವಿನ ಮನೆಗೆ ಬಂದವನ ಹಾಗಿದೆ.

ಶುಕ್ರವಾರ ಬೆಳಗ್ಗೆ ಕರೆಂಟು ಹೋಯಿತು, ಜನರೇಟರ್ ಚಾಲೂ ಆಯಿತು, ಲಿಫ್ಟು ಏರಿತು. ನನ್ನ ಹೆಮ್ಮೆಗೆ ಮಿತಿಯಿರಲಿಲ್ಲ. ಆ ದಿನ ರಜೆ ಹಾಕಿ, ಹೊಸ ಎಣ್ಣೆಯ ಮೊದಲ ಫಲ ಕಣ್ಣಾರೆ ನೋಡಬೇಕೆಂದು ಶಾಂತಕ್ಕನ ರೊಟ್ಟಿಯ ಬುಟ್ಟಿಗಳ ಜೊತೆ ನಾನೇ ಲಿಫ್ಟಿನಲ್ಲಿ ಇಳಿಯಲು ನಿಂತೆ. ನಮ್ಮದು ಕಬ್ಬಿಣದ ಜಾಲರಿ ಬಾಗಿಲಿನ ಹಳೆಯ ಲಿಫ್ಟು. ಆರು ದಾಟಿತು, ಐದು ದಾಟಿತು. ಕೆಳಗಿನಿಂದ ನೀಲಿ ಹೊಗೆ ಸುರುಳಿ ಸುರುಳಿಯಾಗಿ ಮೇಲೆ ಬಂತು. ಎಂಜಿನ್ನಿನ ಸದ್ದು ಕೆಮ್ಮಿಗೆ ತಿರುಗಿತು. ಎಣ್ಣೆಯ ಒತ್ತಡದ ಮುಳ್ಳು ಸೊನ್ನೆಗೆ ಬಿದ್ದದ್ದನ್ನೂ, ಅಡಿಯಲ್ಲಿ ಎಣ್ಣೆ ತೊಟ್ಟಿಕ್ಕಿ ಹರಿಯುತ್ತಿದ್ದುದನ್ನೂ ಕಂಡ ತಿವಾರಿ ಯಾರನ್ನೂ ಕೇಳದೆ ಅದನ್ನು ನಿಲ್ಲಿಸಿಬಿಟ್ಟ. ಆ ದಿನ ನಮ್ಮ ಕಟ್ಟಡದಲ್ಲಿ ಮೀಟಿಂಗ್ ಇಲ್ಲದೆ ಆದ ತೀರ್ಮಾನ ಅದೊಂದೇ. ಎಂಜಿನ್ ಉಳಿದದ್ದೂ ಅದರಿಂದಲೇ. ನಾವು ಮಾತ್ರ ನಾಲ್ಕು ಮತ್ತು ಮೂರನೆಯ ಮಹಡಿಯ ನಡುವೆ ತೂಗಾಡುತ್ತ ನಿಂತೆವು. ನಾನು, ಶಾಂತಕ್ಕ, ಬಿಸಿ ಬಿಸಿ ರೊಟ್ಟಿ.

ಶಾಂತಕ್ಕ ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಅವರು ಕತ್ತಲಲ್ಲೇ ಕೂತು ಬುಟ್ಟಿಯ ಮೇಲಿನ ಬಟ್ಟೆ ಸರಿಪಡಿಸಿ, ರೊಟ್ಟಿಯ ಮೇಲೆ ಕೈಯಿಟ್ಟು ಬಿಸಿ ಇದೆಯೇ ಎಂದು ಮುಟ್ಟಿ ನೋಡಿದರು. ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ. ಆಮೇಲೆ ಮೆಲ್ಲಗೆ ಕೇಳಿದರು.

“ಮೂರೂ ಎಣ್ಣಿ ಕೂಡಿಸಿದ್ರ ಮೂರೂ ಮಂದಿಗೆ ಸಮಾಧಾನ ಆಗ್ತದ ಅಂತ ಮಾಡಿದ್ರಿ. ಹೌದಲ್ರಿ ಸೆಕ್ರೆಟರಿ ಸಾಹೇಬ್ರ? ಎಂಜಿನ್ ನಿಮ್ಮ ಮೀಟಿಂಗಿಗೆ ಬಂದಿತ್ತೇನ್ರಿ?”

ಅಷ್ಟರಲ್ಲಿ ಶೆಟ್ಟರೂ ಶ್ರೀನಿಧಿಯೂ ಮೆಟ್ಟಿಲಿನಲ್ಲಿ ಓಡಿ ಬಂದು ಜಾಲರಿಯ ಹೊರಗೆ ನಿಂತರು. ಬಂದವರು ನಮ್ಮನ್ನು ಮಾತಾಡಿಸಲಿಲ್ಲ. ನಿಮ್ಮ ನೀರಿನಂಥ ಎಣ್ಣೆಯೇ ಸೋರಿದ್ದು ಎಂದು ಒಬ್ಬರು, ನಿಮ್ಮ ಪಾಕವೇ ಒಳಗೆ ಕಟ್ಟಿಕೊಂಡದ್ದು ಎಂದು ಇನ್ನೊಬ್ಬರು ಅಲ್ಲೇ ಶುರುಮಾಡಿದರು. ತಿವಾರಿ ಮೇಲಿನ ಮೆಷಿನ್ ರೂಮಿನಿಂದ, ಕೈಯಿಂದ ಚಕ್ರ ತಿರುಗಿಸುತ್ತೇನೆ, ಲಿಫ್ಟನ್ನು ಮೇಲೆ ಎತ್ತಲೋ ಕೆಳಗೆ ಇಳಿಸಲೋ ಎಂದು ಕೂಗಿ ಕೇಳಿದ. ಮೇಲೆ ಎಂದರು ಶೆಟ್ಟರು. ಕೆಳಗೆ ಎಂದ ಶ್ರೀನಿಧಿ. ತಿವಾರಿ ಇಬ್ಬರ ಮಾತಿಗೂ ಬೆಲೆ ಕೊಟ್ಟು ನಮ್ಮನ್ನು ಇಷ್ಟು ಮೇಲೆತ್ತಿ ಅಷ್ಟೇ ಕೆಳಗಿಳಿಸಿದ. ಜೋಳದ ಹಿಟ್ಟಿನ ಘಮದ ನಡುವೆ ನಾನು ತೊಟ್ಟಿಲಿನ ಕೂಸಿನಂತೆ ತೂಗಿದೆ.

ಆಗ ಶಾಂತಕ್ಕ ಎದ್ದು ನಿಂತರು. “ನಿಮ್ಮ ವಾದ ಮುಗಿಯೂದ್ರಾಗ ನನ್ನ ರೊಟ್ಟಿ ಕಡಕ್ ಆಗ್ತಾವ. ಹಿಡೀರಿ,” ಎಂದು ಜಾಲರಿಯ ಸಂದಿಯಿಂದ ಮೊದಲ ಕಟ್ಟನ್ನು ಶೆಟ್ಟರ ಕೈಗೆ ತುರುಕಿದರು. ಕಬ್ಬಿಣದ ಆ ಸಂದಿಯಲ್ಲಿ ರೊಟ್ಟಿಯ ಕಟ್ಟು ನುಸುಳಿ ಹೋಗುತ್ತಿತ್ತು, ಸೆಕ್ರೆಟರಿ ಹೋಗುವಂತಿರಲಿಲ್ಲ. ನಾನು ಎತ್ತಿ ಕೊಟ್ಟೆ, ಶಾಂತಕ್ಕ ದಾಟಿಸಿದರು, ಹೊರಗಿನವರು ಕೈ ಚಾಚಿ ಹಿಡಿದರು. ಮರಾಠಿ ನೆರೆಯವರೂ ಮನೆಗಳಿಂದ ಹೊರಬಂದು ಮೆಟ್ಟಿಲಿನ ಮೇಲೆ ಸಾಲಾಗಿ ನಿಂತು ಕೈಯಿಂದ ಕೈಗೆ ಇಳಿಸಿದರು. ಟೆಂಪೋದವನು ಕಾದು ಬೇಸತ್ತು ಹೋಗಿಬಿಟ್ಟಿದ್ದ. ಹಾಗಾಗಿ ಶ್ರೀನಿಧಿಯ ಹೊಸ ಕಾರಿನ ತುಂಬ ರೊಟ್ಟಿ ತುಂಬಿಸಿ, ತೊಡೆಯ ಮೇಲೊಂದು ಕಟ್ಟು ಇಟ್ಟುಕೊಂಡು ಶೆಟ್ಟರು ಮುಂದೆ ಕೂತು, ಇಬ್ಬರೂ ರಬಾಳೆಗೆ ಹೊರಟರು. ಕಮಿಟಿ ಹೀಗೆ ಊರು ಬಿಟ್ಟ ಮೇಲೆ ಕೆಲಸ ಸಲೀಸಾಯಿತು. ತಿವಾರಿ ನಮ್ಮನ್ನು ಮೂರನೆಯ ಮಹಡಿಗೆ ಇಳಿಸಿ ಹೊರಗೆ ಬಿಟ್ಟ.

ರಬಾಳೆಯಲ್ಲಿ ನಡೆದದ್ದನ್ನು ಶೆಟ್ಟರು ಆಮೇಲೆ ಹೇಳಿದರು. ಶೀಲ್ ಫಾಟಾದ ಟ್ರಾಫಿಕ್ಕಿನಲ್ಲಿ ಸಿಕ್ಕಿ ತಲುಪುವಷ್ಟರಲ್ಲಿ ಊಟದ ಗಂಟೆ ಬಾರಿಸಿಯಾಗಿತ್ತು. ಗುತ್ತಿಗೆದಾರ ಅನ್ನ ಬಡಿಸಲು ನಿಂತಿದ್ದ. ನಮ್ಮ ಕಡೆಯ ಹುಡುಗರು ತಟ್ಟೆಯನ್ನು ಬೋರಲು ಹಾಕಿ, ಕೈಕಟ್ಟಿ ಕೂತಿದ್ದರಂತೆ. ಗದ್ದಲವಿಲ್ಲ, ಘೋಷಣೆಯಿಲ್ಲ, ಶಾಂತಕ್ಕನ ರೊಟ್ಟಿ ಬರುತ್ತದೆ, ಬಂದ ಮೇಲೆ ಉಣ್ಣುತ್ತೇವೆ ಎಂದಷ್ಟೇ. ಅವರ ಮುಂದೆ ಬೇರೆಯವರ ಹೆಸರು ಎತ್ತಲು ಗುತ್ತಿಗೆದಾರನಿಗೆ ಧೈರ್ಯ ಸಾಲಲಿಲ್ಲ. ಆದರೂ ಹೊರಡುವಾಗ ಶೆಟ್ಟರನ್ನು ಪಕ್ಕಕ್ಕೆ ಕರೆದು, ಹುಡುಗರು ಒಂದು ದಿನ ಕಾಯುತ್ತಾರೆ, ಪ್ರತಿ ಶುಕ್ರವಾರ ಕಾಯುವುದಿಲ್ಲ, ಏನಾದರೂ ಏರ್ಪಾಟು ಮಾಡಿಕೊಳ್ಳಿ ಎಂದನಂತೆ. ಬಡಿಸಲು ಶೆಟ್ಟರೂ ಕೈಹಾಕಿದರಂತೆ.

ಅಂದು ಸಂಜೆ ನಾನು ಕಳಂಬೋಲಿಯವನಿಗೆ ಫೋನು ಮಾಡಿದೆ. ಅದು ಟ್ರ್ಯಾಕ್ಟರಿನ ಎಂಜಿನ್, ಸಾಹೇಬರೇ, ಟ್ರ್ಯಾಕ್ಟರಿಗೆ ಹಾಕುವುದನ್ನು ಹಾಕಿ ಎಂದ. ಡೀಸೆಲ್ಲಿನದು, ಟ್ವೆಂಟಿ ಡಬ್ಲ್ಯೂ ಫಾರ್ಟಿ, ಸಾದಾ ಮಿನರಲ್. ಎಲ್ಲ ಕಡೆ ಸಿಗುತ್ತದೆ, ತನ್ನ ಅಂಗಡಿಯಲ್ಲಿ ಮಾತ್ರ ಇಲ್ಲ. ಸವೆದ ಎಂಜಿನ್ನಿನ ಒಳಗೆ ಸಂದುಗಳು ಅಗಲವಾಗಿರುತ್ತವೆ, ತೆಳ್ಳಗಿನ ಎಣ್ಣೆ ಅಲ್ಲಿ ನಿಲ್ಲದೆ ಜಾರಿಹೋಗುತ್ತದೆ, ಹಳೆಯ ಸೀಲುಗಳಿಂದ ಸೋರುತ್ತದೆ. ಗೇರಿನ ಎಣ್ಣೆ ಗೇರಿಗೆ, ಬೈಕಿನದು ಬೈಕಿಗೆ. ಅದಲ್ಲದೆ ಹೊಸ ದುಬಾರಿ ಎಣ್ಣೆ ಬಹಳ ಚೊಕ್ಕಟವಂತೆ. ಒಳಗೆ ಎಷ್ಟೋ ಕಾಲದಿಂದ ಕಟ್ಟಿದ್ದ ಕೊಳೆಯನ್ನೆಲ್ಲ ಒಮ್ಮೆಲೇ ಎಬ್ಬಿಸುತ್ತದೆ, ಅದು ಹೋಗಿ ಫಿಲ್ಟರಿನಲ್ಲಿ ಕಟ್ಟಿಕೊಳ್ಳುತ್ತದೆ. ಹಳೆಯ ಕುಟುಂಬಗಳಲ್ಲಿ ಹೊಸದಾಗಿ ಬಂದ ಅಳಿಯ ಆಸ್ತಿಯ ವಿಚಾರ ಎತ್ತಿದಾಗ ಆಗುವುದೂ ಇದೇ ಎಂದು ನನಗೆ ಎಂಜಿನ್ನಿನ ಶಾಸ್ತ್ರ ತಕ್ಷಣ ತಿಳಿಯಿತು.

ಭಾನುವಾರ ತುರ್ತು ಸಭೆ. ಹೊಸ ಎಣ್ಣೆಯ ಠರಾವು ಓದಲು ನಾನು ಗಂಟಲು ಸರಿಮಾಡಿಕೊಳ್ಳುವಾಗಲೇ ಶಾಂತಕ್ಕ ಎದ್ದರು.

“ನನಗ ನಿಮ್ಮ ಲಿಫ್ಟೂ ಬ್ಯಾಡ, ಎಣ್ಣೀನೂ ಬ್ಯಾಡ. ಕೆಳಗಿನ ಆಫೀಸ್ ಖೋಲಿ ಕೊಡ್ರಿ, ಅಲ್ಲೇ ರೊಟ್ಟಿ ಬಡೀತೀನಿ, ಅಲ್ಲಿಂದನ ಗಾಡಿಗೆ ಏರಸ್ತೀನಿ. ನಮ್ಮ ಹಾಲ್ ಖಾಲಿ ಆಗ್ತದ. ನೀವು ಮ್ಯಾಲೆ ಬಂದು ಮೀಟಿಂಗ್ ಮಾಡ್ರಿ, ಗಾಳಿ ಚೊಲೊ ಬರ್ತದ.”

ಕಾಯಿದೆ ಏನು ಹೇಳುತ್ತದೆಂದು ಯಾರೂ ಕೇಳಲಿಲ್ಲ. ರೊಟ್ಟಿ ಇಳಿಸಿದ ಭುಜಗಳು ಇನ್ನೂ ನೋಯುತ್ತಿದ್ದವು. ಯಾವ ಠರಾವಿಗೂ ಕೈಯೆತ್ತದ ಮರಾಠಿ ನೆರೆಯವರು ಅಂದು ಎಲ್ಲರಿಗಿಂತ ಮೊದಲು ಕೈಯೆತ್ತಿದರು. ಸೊಸೈಟಿಯ ಕಪಾಟು, ಮೇಜು, ಕುರ್ಚಿ, ನನ್ನ ರಬ್ಬರ್ ಸ್ಟ್ಯಾಂಪು ಎಲ್ಲ ಏಳನೆಯ ಮಹಡಿಗೆ ಏರಿದವು. ಹಂಚು, ಹಿಟ್ಟು ನಾದುವ ಕೊಣಮಿಗೆ, ಜೋಳದ ಚೀಲ ಕೆಳಗಿಳಿದವು. ರಬಾಳೆಯ ಹುಡುಗರ ರೊಟ್ಟಿ ಆಮೇಲೆ ಒಂದು ದಿನವೂ ತಡವಾಗಲಿಲ್ಲ.

ಜನರೇಟರಿಗೆ ಸಾದಾ ಟ್ರ್ಯಾಕ್ಟರ್ ಎಣ್ಣೆ ಬಿತ್ತು. ಈಗ ಅದು ಹೊಗೆಯಿಲ್ಲದೆ, ಕೆಮ್ಮಿಲ್ಲದೆ ಓಡುತ್ತದೆ. ಎಳೆ ಬರುವಷ್ಟು ದಪ್ಪ ಇರುವುದರಿಂದ ಅದು ತಮ್ಮ ಸಲಹೆಯೇ ಎಂದು ಶೆಟ್ಟರು ಹೇಳಿಕೊಳ್ಳುತ್ತಾರೆ. ಹೆಸರಿನ ನಡುವೆ ತನ್ನ ಕಾರಿನ ಎಣ್ಣೆಯಲ್ಲಿರುವ ಹಾಗೆಯೇ ಡಬ್ಲ್ಯೂ ಇರುವುದರಿಂದ ತನ್ನದೇ ಎಂದು ಶ್ರೀನಿಧಿ. ಕೊನೆಯಲ್ಲಿ ನಲವತ್ತು ಬರುತ್ತದೆ, ನಾನು ನಾಲ್ಕು ಅಂದಿದ್ದೆ, ಒಂದು ಸೊನ್ನೆ ಬಿಟ್ಟುಹೋಗಿತ್ತು ಅಷ್ಟೆ ಎಂದು ನಾನು. ಎಣ್ಣೆ ಬದಲಿಸುವ ಸಮಯ ಬಂದಾಗಲೆಲ್ಲ ಮೂವರೂ ಸೇರಿ ಚರ್ಚಿಸಿ ಅದೇ ಎಣ್ಣೆಯನ್ನು ಹೊಸದಾಗಿ ಆರಿಸುತ್ತೇವೆ.

ಶ್ರೀನಿಧಿಗೆ ಶುಕ್ರವಾರ ಮನೆಯಿಂದಲೇ ಕೆಲಸ ಮಾಡುವ ಸೌಕರ್ಯ ಸಿಕ್ಕಿದ್ದರಿಂದ ಕಮಿಟಿಯ ಮೀಟಿಂಗ್ ಶುಕ್ರವಾರಕ್ಕೇ ಬಿದ್ದಿದೆ. ಕರೆಂಟು ಇಲ್ಲದಿದ್ದರೂ ಲಿಫ್ಟು ಚೆನ್ನಾಗಿ ನಡೆಯುತ್ತಿರುತ್ತದೆ. ಮರಾಠಿ ನೆರೆಯವರು, ಅವರ ಮೊಮ್ಮಕ್ಕಳು, ಹಾಲಿನವನು, ಗ್ಯಾಸ್ ಸಿಲಿಂಡರಿನವನು ಎಲ್ಲರೂ ನಿಶ್ಚಿಂತೆಯಿಂದ ಏರುತ್ತಾರೆ, ಇಳಿಯುತ್ತಾರೆ. ನಾವು ಮೂವರು ಮಾತ್ರ ಅದರ ಬಾಗಿಲನ್ನು ದಾಟಿಕೊಂಡು, ಕಂಬಿ ಹಿಡಿದು, ಮಹಡಿಗೊಮ್ಮೆ ನಿಂತು ಉಸಿರು ಸರಿಮಾಡಿಕೊಳ್ಳುತ್ತ ಏಳನೆಯ ಮಹಡಿಗೆ ಹೋಗುತ್ತೇವೆ. ಲಿಫ್ಟು ನಡೆಯುತ್ತಿದೆಯಲ್ಲ, ಯಾಕೆ ಹತ್ತುತ್ತೀರಿ ಎಂದು ಶಾಂತಕ್ಕ ರೊಟ್ಟಿ ಬಡಿಯುತ್ತಲೇ ಕೇಳುತ್ತಾರೆ. ಡಾಕ್ಟರು ಹೇಳಿದ್ದಾರೆ, ಹತ್ತಿದರೆ ಆರೋಗ್ಯಕ್ಕೆ ಒಳ್ಳೆಯದು ಎನ್ನುತ್ತೇವೆ. ಆ ಎಂಜಿನ್ನಿಗೆ ಎಣ್ಣೆ ಆರಿಸಿದವರು ಎಂಥವರು ಎಂಬುದು ನಮ್ಮ ಮೂವರಿಗೆ ತಿಳಿದಷ್ಟು ಚೆನ್ನಾಗಿ ಕಟ್ಟಡದಲ್ಲಿ ಬೇರೆ ಯಾರಿಗೂ ತಿಳಿಯದು.